ತುಂಗಭದ್ರೆಯ ಹೂಳು ಅಳೆದವರು

ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 132.47 ಟಿಎಂಸಿ ಅಡಿ. ಹತ್ತು ವರ್ಷಗಳ ನಂತರದ ಸಮೀಕ್ಷೆಯಲ್ಲಿ ಅದು 114.66ಕ್ಕೆ ಇಳಿದಿತ್ತು. 1972ರಲ್ಲಿ ಮತ್ತೆ ಅಳೆದರೆ 121.08! ತಳ ಸೇರಿದ ಹೂಳು ಅಷ್ಟೊಂದು ಪ್ರಮಾಣದಲ್ಲಿ ತಾನಾಗಿ ಎದ್ದು ಹೋಗುವುದಿಲ್ಲ. ವ್ಯತ್ಯಾಸ ಅಳತೆಯದ್ದೇ ಇರಬೇಕು.

ಆಗಿನ ಅಳತೆ ನೀರಿನ ಮೇಲಿನ ದುಡಿಮೆ. ದಡದಿಂದ ದಡಕ್ಕೆ ಗುರುತಿಸಿದ ಸಾಲುಗಳಲ್ಲಿ ದೋಣಿ ಸಾಗಬೇಕು, ಅಲ್ಲಲ್ಲಿ ಆಳ ನೋಡಿ ಬರೆದುಕೊಳ್ಳಬೇಕು. ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುವ ನೀರಿನಲ್ಲಿ ಎರಡು ಸಾಲುಗಳ ನಡುವಿನ ತಳವೆಲ್ಲ ಅಂದಾಜಿನದು.

1988ರ ಮಾರ್ಚ್ 17ರಂದು ಭಾರತದ ಐಆರ್‌ಎಸ್-1ಎ ಉಪಗ್ರಹ ಕಕ್ಷೆ ಸೇರಿತು. 22 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಹಾಯುತ್ತಿತ್ತು. ಅದರ ಕ್ಯಾಮೆರಾಕ್ಕೆ ಹೂಳು ಕಾಣದು, ನೀರಿನ ಅಂಚು ಕಾಣುತ್ತದೆ. ದೂರಸಂವೇದಿ ತಂತ್ರಜ್ಞರಿಗೆ ಅಷ್ಟೇ ಸಾಕಾಯಿತು. ಅವಕೆಂಪು ಬೆಳಕಿನ ಚಿತ್ರದಲ್ಲಿ ನೀರು ಕಪ್ಪಾಗಿ, ಹಸಿರು ಹೊಲ ಬೆಳ್ಳಗೆ ಮೂಡುತ್ತದೆ. ಚಿತ್ರ ತೆಗೆದ ದಿನ ಅಣೆಕಟ್ಟೆಯಲ್ಲಿ ದಾಖಲಾದ ನೀರಿನ ಮಟ್ಟ ಎಷ್ಟಿತ್ತೆಂದು ನೋಡಿ, ಕಪ್ಪು ಭಾಗದ ವಿಸ್ತೀರ್ಣವನ್ನು ಅದರ ಜೊತೆ ಬರೆದಿಡುತ್ತಾರೆ. ಮಳೆಗಾಲದ ಮೋಡ ಸರಿದ ಮೇಲೆ ಬೇಸಿಗೆಯವರೆಗೂ ನೀರು ಇಳಿಯುತ್ತಾ ಹೋಗುತ್ತದಲ್ಲ, ಒಂದೊಂದು ಮಟ್ಟಕ್ಕೆ ಒಂದೊಂದು ಅಂಚು ಸಿಗುತ್ತದೆ. ಎರಡು ಅಂಚುಗಳ ನಡುವಿನ ನೀರಿನ ಗಾತ್ರವನ್ನು ಸೂತ್ರ ಹಾಕಿ ತೆಗೆಯುತ್ತಾರೆ. ಹಳೆಯ ಲೆಕ್ಕಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಹೂಳು.

ಕಷ್ಟವೆಲ್ಲ ಆ ಅಂಚಿನಲ್ಲೇ. ಐಆರ್‌ಎಸ್-1ಎಯ ಉತ್ತಮ ಕ್ಯಾಮೆರಾದಲ್ಲೂ ಒಂದು ಪಿಕ್ಸೆಲ್ ಎಂದರೆ ಸುಮಾರು 36 ಮೀಟರ್ ನೆಲ. ಅರ್ಧ ಕೆಸರು, ಅರ್ಧ ನೀರು ಇರುವ ಪಿಕ್ಸೆಲ್ ಯಾವ ಕಡೆಗೆ? ಜೊಂಡು ಮುಚ್ಚಿದ ನೀರು ಹೊಲದಂತೆಯೇ ತೋರುತ್ತದೆ. ಸಂಶಯ ಬಂದಲ್ಲಿ ದಂಡೆಗೆ ಹೋಗಿ ನೋಡಬೇಕು. ಬೇಸಿಗೆಯಲ್ಲೂ ಬತ್ತದ ತಳದ ನೀರಿಗಂತೂ ದೋಣಿಯೇ ಗತಿ. ಆಕಾಶದ ಕಣ್ಣಿನ ಹಿಂದೆ ಕೆಸರು ತುಳಿದವರ ಶ್ರಮವೂ ಇದೆ. ಆ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

2008ರ ಸಮೀಕ್ಷೆ ಸಾಮರ್ಥ್ಯವನ್ನು 100.855 ಟಿಎಂಸಿ ಎಂದಿತು. ನಂತರ ಲೇಸರ್ ಕಿರಣದ ಲೈಡಾರ್ ಬಳಸಿ ಅಳೆದಾಗ 105.788 ಬಂತು. ಸುಮಾರು ಐದು ಟಿಎಂಸಿಯ ಈ ಅಂತರ ಕಡತದ ಅಂಕಿಯಷ್ಟೇ ಅಲ್ಲ. ಭತ್ತದ ಎರಡನೇ ಬೆಳೆಗೆ ನೀರು ಸಿಗುವುದೇ ಎಂದು ಕಾಯುವ ಅಚ್ಚುಕಟ್ಟಿನ ರೈತನಿಗೆ ಒಂದೊಂದು ಟಿಎಂಸಿಯೂ ದೊಡ್ಡದು. ಹೂಳಿನಿಂದ ಕಳೆದುಕೊಂಡ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಎದ್ದದ್ದೂ ಇದೇ ಅಳತೆಗಳ ಆಧಾರದ ಮೇಲೆ.