ಅಡಿಕೆ, ತೆಂಗಿನ ಹಳದಿ: ರೋಗವೋ, ಪೋಷಕಾಂಶದ ಕೊರತೆಯೋ?

ಸೋಗೆ ಹಳದಿಯಾಯಿತೆಂದರೆ ಕಾಸರಗೋಡಿನ ಕೃಷಿಕರಿಗೆ ಮೊದಲು ನೆನಪಾಗುವುದು ಹಳದಿ ಎಲೆ ರೋಗ. ಆದರೆ ಎಲ್ಲ ಹಳದಿಯೂ ರೋಗವಲ್ಲ. ಪೋಷಕಾಂಶ ಕಡಿಮೆಯಾದಾಗ, ಬುಡದಲ್ಲಿ ನೀರು ನಿಂತಾಗ, ಬೇರುಹುಳ ಬಿದ್ದಾಗಲೂ ಮರ ಹಳದಿಯಾಗುತ್ತದೆ. ಕೊರತೆಯನ್ನು ರೋಗವೆಂದು ತಿಳಿದು ಮರ ಕಡಿದರೆ ನಷ್ಟ. ರೋಗವನ್ನು ಕೊರತೆಯೆಂದು ತಿಳಿದು ವರ್ಷಗಟ್ಟಲೆ ಗೊಬ್ಬರ ಸುರಿದರೂ ನಷ್ಟವೇ.

ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಯಾವ ಎಲೆಯಲ್ಲಿ ಲಕ್ಷಣ ಶುರುವಾಗಿದೆ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಗಳಲ್ಲಿದ್ದುದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಬೋರಾನ್, ಕ್ಯಾಲ್ಸಿಯಂ, ಕಬ್ಬಿಣ ಹೀಗೆ ಸುಲಭವಾಗಿ ಸಾಗುವುದಿಲ್ಲ. ಅವುಗಳ ಕೊರತೆ ಸುಳಿಯಲ್ಲಿ, ಎಳೆ ಎಲೆಯಲ್ಲಿ ಕಾಣುತ್ತದೆ.

ಸಾರಜನಕ ಸಾಲದಿದ್ದರೆ ಇಡೀ ಎಲೆ ಒಂದೇ ಸಮನೆ ಪೇಲವವಾಗುತ್ತದೆ. ಪೊಟ್ಯಾಷ್ ಕೊರತೆಯಲ್ಲಿ ತೆಂಗಿನ ಹಳೆಯ ಮಡಲಿನ ಗರಿಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದು, ತುದಿ ಮತ್ತು ಅಂಚು ಸುಟ್ಟಂತೆ ಒಣಗುತ್ತದೆ. ಮೆಗ್ನೀಸಿಯಂ ಕೊರತೆಯಾದರೆ ಗರಿ ಹಳದಿಯಾದರೂ ನಡುದಿಂಡಿನ ಪಕ್ಕ ಹಸಿರು ಉಳಿಯುತ್ತದೆ. ಬಿಸಿಲು ಬೀಳುವ ಭಾಗ ಹೆಚ್ಚು ಹಳದಿ, ನೆರಳಿನ ಭಾಗ ಹಸಿರು. ಇದೊಂದು ಒಳ್ಳೆಯ ಗುರುತು.

ಬೋರಾನಿನದು ಬೇರೆಯೇ ಕತೆ. ತೆಂಗಿನ ಹೊಸ ಮಡಲು ಗಿಡ್ಡವಾಗುತ್ತದೆ, ಗರಿಗಳು ಬಿಡಿಯಾಗದೆ ಅಂಟಿಕೊಂಡೇ ಇರುತ್ತವೆ, ತುದಿ ಕೊಕ್ಕೆಯಂತೆ ಬಾಗುತ್ತದೆ. ಕ್ರಮೇಣ ಹೂಗೊನೆ ಒಣಗುತ್ತದೆ, ಮಿಡಿ ಉದುರುತ್ತದೆ, ಕೆಲವು ಕಾಯಿಗಳೊಳಗೆ ತಿರುಳೇ ಇರುವುದಿಲ್ಲ. ಇದನ್ನು ಕುರುವಾಯಿ ಕೀಟದ ಹಾವಳಿ ಎಂದು ತಪ್ಪು ತಿಳಿಯುವವರಿದ್ದಾರೆ. ಕೀಟ ತಿಂದ ಮಡಲಿನಲ್ಲಿ ಕತ್ತರಿಯಿಂದ ಕತ್ತರಿಸಿದಂತಹ ಗುರುತಿರುತ್ತದೆ, ಕೊರತೆಯಲ್ಲಿ ಅದಿಲ್ಲ. ಲಕ್ಷಣ ಶುರುವಿನಲ್ಲೇ ಇದ್ದರೆ ಮರದ ಬುಡಕ್ಕೆ 50 ಗ್ರಾಂ ಬೋರಾಕ್ಸ್ ಹಾಕುವುದು ರೂಢಿ. ಕಣ್ಣಳತೆಯಲ್ಲಿ ಹಾಕುವಂತಿಲ್ಲ, ಬೋರಾನ್ ಸ್ವಲ್ಪ ಹೆಚ್ಚಾದರೂ ವಿಷ. ಅಡಿಕೆಯ ಅಂಡೊಡಕಕ್ಕೆ ಬಸಿಗಾಲುವೆ ಸರಿಪಡಿಸಿ, ಎಳೆಗಾಯಿಯಿರುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ಸಿಂಪಡಿಸುವುದುಂಟು.

ಮುರಕಲ್ಲಿನ ಹುಳಿ ಮಣ್ಣಿನಲ್ಲಿ, ಅದೂ ಈ ಮಳೆಗೆ, ಪೊಟ್ಯಾಷ್, ಮೆಗ್ನೀಸಿಯಂ, ಬೋರಾನ್ ನಿಲ್ಲುವುದಿಲ್ಲ, ತೊಳೆದು ಹೋಗುತ್ತವೆ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು. ಇದನ್ನು ಎರಡು ಕಂತುಗಳಲ್ಲಿ ಕೊಡುವುದು ಇದೇ ಕಾರಣಕ್ಕೆ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಸಿಯಂ ಹೀರುವುದು ಕಡಿಮೆಯಾಗುತ್ತದೆ. ಸುಣ್ಣ ಅತಿಯಾದರೆ ಬೋರಾನ್ ಸಿಗುವುದಿಲ್ಲ.

ಇನ್ನು ಅಸಲಿ ಹಳದಿ ಎಲೆ ರೋಗ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಇದಕ್ಕೆ ಮದ್ದಿಲ್ಲ. ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿತುದಿಯಿಂದ ಹಳದಿ ಶುರುವಾಗಿ, ನಡುದಿಂಡಿನ ಬಳಿ ಹಸಿರು ಉಳಿಯುವುದರಿಂದ ಮೆಗ್ನೀಸಿಯಂ ಕೊರತೆಯಂತೆಯೇ ಕಾಣುತ್ತದೆ. ಎಲೆಯನ್ನಷ್ಟೇ ನೋಡಿದರೆ ಅನುಭವಿಗಳೂ ಮೋಸಹೋಗುತ್ತಾರೆ. ಉದುರಿದ ಅಡಿಕೆಯನ್ನು ಒಡೆದು ನೋಡಬೇಕು. ರೋಗವಿದ್ದರೆ ತಿರುಳು ಕಪ್ಪಾಗಿ ಮೆತ್ತಗಿರುತ್ತದೆ, ಬೇರಿನ ತುದಿಯೂ ಕಪ್ಪಾಗಿ ಕೊಳೆಯುತ್ತದೆ.

ಗೊಬ್ಬರ ಕೊಟ್ಟ ಮೇಲೆ ಹಳದಿಯಾದ ಹಳೆಯ ಸೋಗೆ ಮತ್ತೆ ಹಸಿರಾಗಲಿ ಎಂದು ಕಾಯುವುದು ವ್ಯರ್ಥ. ಹೊಸ ಸೋಗೆ ಹೇಗೆ ಬರುತ್ತದೆಂದು ನೋಡಬೇಕು. ಅಡಿಕೆ ವರ್ಷಕ್ಕೆ ಆರೇಳು ಸೋಗೆ ಮಾತ್ರ ಬಿಡುವುದರಿಂದ ಕನಿಷ್ಠ ಒಂದು ವರ್ಷದ ತಾಳ್ಮೆ ಬೇಕು.

ಅನುಮಾನವಿದ್ದರೆ ಮಣ್ಣು ಪರೀಕ್ಷೆ ಮಾಡಿಸುವುದು ಲೇಸು. ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಬಹುದು. ತೋಟದ ಎಂಟು ಹತ್ತು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಈಚೆಗೆ ಗೊಬ್ಬರ ಅಥವಾ ಸುಣ್ಣ ಹಾಕಿದ ಜಾಗದ ಮಣ್ಣು ಬೇಡ.