ಹಿರಿಯಡ್ಕ: ಸಿರಿ ಜಾತ್ರೆಯ ನೆಲ, ಸ್ವರ್ಣೆಯ ದಡ

ಮಲ್ಪೆಯಿಂದ ಮಣಿಪಾಲ, ಪೆರ್ಡೂರು, ಹೆಬ್ರಿ ದಾಟಿ ಆಗುಂಬೆ ಘಾಟಿ ಏರುವ ಹೆದ್ದಾರಿಯ ನಡುವಿನ ಪೇಟೆ ಹಿರಿಯಡ್ಕ. ಇಲ್ಲಿ ಮೊದಲು ನೋಡಬೇಕಾದದ್ದು ವೀರಭದ್ರ ದೇವಸ್ಥಾನ.

ಹುಣ್ಣಿಮೆಯ ರಾತ್ರಿ ಈ ದೇವಸ್ಥಾನದಲ್ಲಿ ನಡೆಯುವ ಸಿರಿ ಜಾತ್ರೆಗೆ ತುಳುನಾಡಿನ ಹಲವು ಊರುಗಳ ಹೆಂಗಸರು ಬರುತ್ತಾರೆ. ಕೈಯಲ್ಲಿ ಹಿಂಗಾರ, ಮೈಮೇಲೆ ಆವೇಶ. ತುಳು ಜನಪದ ಕಥೆಯ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರ ಕಥೆಯನ್ನು ಪಾಡ್ದನದ, ಅಂದರೆ ತುಳು ಕಥನಗೀತೆಯ, ಧಾಟಿಯಲ್ಲಿ ಹಾಡುತ್ತಾರೆ. ಚೆನ್ನೆಮಣೆ ಆಟದಲ್ಲಿ ಜಗಳವಾಡಿ ಪ್ರಾಣ ಕಳೆದುಕೊಂಡ ಅವಳಿಗಳು ಈ ಅಬ್ಬಗ, ದಾರಗ. ಮನೆಯೊಳಗೆ ಹೇಳಲಾಗದ ನೋವಿಗೆ ಇಲ್ಲಿ ಎಲ್ಲರೆದುರು ದನಿ ಸಿಗುತ್ತದೆ. ಜಾತ್ರೆಗೆ ಬಂದವರು ದಯವಿಟ್ಟು ಮೌನವಾಗಿ ನೋಡಿ, ಆವೇಶದಲ್ಲಿರುವವರ ಫೋಟೋ ತೆಗೆಯಬೇಡಿ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ಗಾಯಕ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ಇದೇ ಸಿರಿ ಕಥೆಯ ಕಾವ್ಯ 15,683 ಸಾಲುಗಳಷ್ಟಿದೆ, 1998ರಲ್ಲಿ ಪ್ರಕಟವಾಯಿತು.

ಏರು ಮದ್ದಳೆಗೆ ಹೆಸರಾದ ಯಕ್ಷಗಾನದ ಮದ್ದಳೆ ವಾದಕ ಹಿರಿಯಡ್ಕ ಗೋಪಾಲರಾಯರು (1919–2020) ಈ ಊರಿನ ಹೆಮ್ಮೆ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಿಗೂ ಅವರು ಮದ್ದಳೆ ನುಡಿಸಿದರು.

ಸಮೀಪದ ಬಜೆಯಲ್ಲಿ ಸ್ವರ್ಣಾ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಉಡುಪಿ, ಮಣಿಪಾಲದ ನಲ್ಲಿಗಳಿಗೆ ಇಲ್ಲಿಂದ ನೀರು ಹೋಗುತ್ತದೆ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಈ ನದಿ ಮಳೆಗಾಲದಲ್ಲಿ ಕೆಂಪಾಗಿ ಉಕ್ಕುತ್ತದೆ. ಆಗ ನೀರಿಗೆ ಇಳಿಯಬೇಡಿ, ದಡದಲ್ಲಿ ಪ್ಲಾಸ್ಟಿಕ್ ಬಿಡಬೇಡಿ.

ಸಮಯವಿದ್ದರೆ ಕಾರ್ಕಳಕ್ಕೆ ಹೋಗಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನೂ ಅದರ ಎದುರಿನ ದಿಬ್ಬದಲ್ಲಿರುವ, 1586ರ ಚತುರ್ಮುಖ ಬಸದಿಯನ್ನೂ ಒಂದೇ ಬೆಳಿಗ್ಗೆ ನೋಡಬಹುದು.