ಪ್ರಯೋಗಶಾಲೆಯಲ್ಲಿ ಕಲಿತ ಕೇಳ್ಮೆ
ಮನಶ್ಶಾಸ್ತ್ರವು ನಮ್ಮ ವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ತತ್ತ್ವಶಾಸ್ತ್ರದ ಅಂಗವೆಂದೇ ಪರಿಗಣಿತವಾಗಿದ್ದ ಕಾಲದಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆ ಸ್ವತಂತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೆಂದು ನಾಡು ಅವರನ್ನು ಸ್ಮರಿಸುವುದು ಯುಕ್ತವೇ ಆಗಿದೆ, ಆದರೆ ನೊಂದವರ ಮಾತನ್ನು ಕೇಳುವುದನ್ನೇ ವೃತ್ತಿಯಾಗಿಸಿಕೊಂಡ ಆಪ್ತಸಮಾಲೋಚಕರಿಗೆ ಇಂತಹ ವಿಭಾಗಗಳ ಪ್ರಯೋಗಶಾಲೆ ಕೊಟ್ಟ ಶಿಕ್ಷಣವು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕಿರಿದಾದುದಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಲೆಮಾರುಗಳಿಂದ ಮಾಡುತ್ತ ಬಂದಿರುವ ಕನ್ನಡಿಯ ಪ್ರಯೋಗವನ್ನೇ ನೋಡಬಹುದು. ಕಾಗದದ ಮೇಲೆ ಅಚ್ಚಾದ ನಕ್ಷತ್ರವನ್ನು ಒಂದು ಮರೆಯಿಂದ ಮುಚ್ಚಿ, ಕನ್ನಡಿಯಲ್ಲಿ ಕಾಣುವ ಬಿಂಬವನ್ನಷ್ಟೇ ನೋಡುತ್ತ ಅದರ ಅಂಚಿನಗುಂಟ ಪೆನ್ಸಿಲು ಎಳೆಯಬೇಕು. ಮೇಲಕ್ಕೆ ಒಯ್ಯಬೇಕೆಂದರೆ ಕೈ ಕೆಳಕ್ಕೆ ಜಾರುತ್ತದೆ. ಮೂಲೆಗೆ ಬಂದೊಡನೆ ತಡವರಿಸಿ ನಿಂತುಬಿಡುತ್ತದೆ. ಎದುರಿನ ಸಹಪಾಠಿಯು ಸ್ಟಾಪ್‌ವಾಚು ಹಿಡಿದು ಕಾಲವನ್ನೂ ತಪ್ಪುಗಳನ್ನೂ ಗುರುತು ಹಾಕಿಕೊಳ್ಳುತ್ತಾನೆ. ಬಳಿಕ ಇಬ್ಬರೂ ಸ್ಥಾನ ಬದಲಿಸುತ್ತಾರೆ. ಅಷ್ಟಕ್ಕೇ ಮುಗಿಯದೆ, ಎಲ್ಲಿ ರೇಗಿತು, ಯಾವಾಗ ಕೈಬಿಡೋಣವೆನಿಸಿತು ಎಂಬ ಅಂತರವಲೋಕನದ ವರದಿಯನ್ನೂ ಬರೆಯಬೇಕು. ತನ್ನ ಇಚ್ಛೆಗೆ ತನ್ನ ಕೈಯೇ ಒಲಿಯದ ಆ ಗಳಿಗೆಯನ್ನು ಒಮ್ಮೆ ಅನುಭವಿಸಿದವನು, ಮುಂದೆ ಕುಡಿತ ಬಿಡಲಾರದೆ ಬಂದವನಿಗಾಗಲಿ ಪರೀಕ್ಷೆಯ ಭಯದಿಂದ ನಡುಗುವ ಹುಡುಗಿಗಾಗಲಿ, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆಂದು ಸುಲಭವಾಗಿ ಉಪದೇಶಿಸಲಾರನೆಂದು ನಾನು ದೃಢವಾಗಿ ನಂಬಿದ್ದೇನೆ. ಪುಸ್ತಕದ ಪಾಂಡಿತ್ಯದಿಂದ ಈ ಸೌಜನ್ಯ ಬಾರದು.

ಬೆಂಗಳೂರಿನಲ್ಲಿ 1954ರಲ್ಲಿ, ಹಿಂದೆ ಹುಚ್ಚಾಸ್ಪತ್ರೆಯೆಂದೇ ಕರೆಯಲ್ಪಟ್ಟ ಸಂಸ್ಥೆಯ ನೆರೆಯಲ್ಲಿ, ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದಾಗ ಆ ಶಿಕ್ಷಣಕ್ಕೆ ಹೊಸ ಕ್ಷೇತ್ರ ದೊರೆಯಿತು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಮನಶ್ಶಾಸ್ತ್ರದ ಪದವೀಧರರು ಅಲ್ಲಿ ವೈದ್ಯರ ಜೊತೆಯಲ್ಲಿ ರೋಗಿಗಳ ನಡುವೆಯೇ ತರಬೇತಿ ಪಡೆದರು. ನೋಡಿದ್ದನ್ನೂ ಊಹಿಸಿದ್ದನ್ನೂ ಬೆರಸದೆ ಬರೆಯುವ ಪ್ರಯೋಗಶಾಲೆಯ ಅಭ್ಯಾಸವು ಇಲ್ಲಿ ಸಾರ್ಥಕವಾಯಿತೆನ್ನಬೇಕು: ರೋಗಿಯು ತಲೆಯೊಳಗೆ ಉರಿ ಎಂದರೆ ಅವನ ಮಾತನ್ನೇ ಮೊದಲು ದಾಖಲಿಸಿ, ಮನೆಯವರು ಹೇಳಿದ್ದನ್ನು ಬೇರೆಯಾಗಿ ಬರೆದು, ಆ ಬಳಿಕವಷ್ಟೇ ರೋಗದ ಹೆಸರನ್ನು ಯೋಚಿಸತಕ್ಕದ್ದೆಂಬುದು ವೃತ್ತಿಯ ಮೊದಲ ಪಾಠ.